ಗುಡ್ಡದ ಹಿಂದಿನ ಚೇಳು

ಬೇಸಿಗೆಯ ಕೊನೆಯಿಂದ ದೀಪಾವಳಿಯ ಆಚೀಚೆಯವರೆಗೆ ದಕ್ಷಿಣದ ಆಕಾಶದಲ್ಲಿ ಮೈಚಾಚಿ ಮಲಗಿರುವ ನಕ್ಷತ್ರಗಳ ಗುಂಪನ್ನು ಪಂಚಾಂಗದವರು ವೃಶ್ಚಿಕ ರಾಶಿ ಎನ್ನುತ್ತಾರೆ. ಔರಾದ ತಾಲ್ಲೂಕಿನ ಕುರಿಗಾರರಿಗೆ ಅದು ಬರಿಯ ಚೇಳು. ಪಂಚಾಂಗದ ಜ್ಯೇಷ್ಠಾ ನಕ್ಷತ್ರ, ಅಂದರೆ ಚೇಳಿನ ಎದೆಯಲ್ಲಿ ಕೆಂಪಗೆ ಉರಿಯುವ ಚುಕ್ಕಿ, ಅವರ ಬಾಯಲ್ಲಿ 'ಕೆಂಡ'. ಕಾರ್ತಿಕದಲ್ಲಿ ಸೂರ್ಯ ಹತ್ತಿರ ಬಂದಂತೆ ಚೇಳು ಬೆಳಕಿಗೆ ಅಂಜಿ ನೈಋತ್ಯದಲ್ಲಿ ಬಿಲ ಸೇರುತ್ತದೆ: ತಲೆ ಮೊದಲು, ಕೆಂಡ ಆಮೇಲೆ, ಕೊಂಡಿ ಎಲ್ಲಕ್ಕಿಂತ ಕೊನೆಗೆ. ಬಿಲದೊಳಗೆ ಮರಿಹಾಕಿ, ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು, ಒಂದು ತಿಂಗಳ ಮೇಲೆ ಮೂಡಣದಲ್ಲಿ ನಸುಕಿಗೆ ಹೊರಬೀಳುತ್ತದೆ. ಕೊಂಡಿ ಹೊರಗಿದ್ದರೂ ಲೆಕ್ಕಕ್ಕಿಲ್ಲ. ಕೆಂಡ ಕಾಣದಾದ ಸಂಜೆಗೆ ಕುರಿಗಾರರ ಎಲ್ಲ ಮುದ್ದತುಗಳೂ, ಅಂದರೆ ಒಬ್ಬರಿಗೊಬ್ಬರು ಕೊಟ್ಟುಕೊಂಡ ಎಲ್ಲ ಗಡುವುಗಳೂ, ಮುಗಿದವು ಎಂದೇ ಅರ್ಥ.

ಈ ಕಥೆಯನ್ನು ಹೇಳಿದವಳು ಔರಾದಿನ ಕಾಂತಾಬಾಯಿ. ಕಥೆಯೊಳಗೆ ನಡೆದವಳೂ ಅವಳೇ. ಭಾಲ್ಕಿಯ ಉಣ್ಣೆ ವ್ಯಾಪಾರಿ ಏಕನಾಥ ಇದನ್ನೇ ಹೇಳುವಾಗ ಹಿಂಡನ್ನು ನೂರಿಪ್ಪತ್ತಕ್ಕೆ ಏರಿಸುತ್ತಾನೆ. ಕಾಂತಾಬಾಯಿಯ ಪ್ರಕಾರ ಕುರಿಗಳು ಅರವತ್ತೆಂಟು, ಅದರಲ್ಲಿ ಟಗರು ಎರಡು. ಅವುಗಳ ಬೆನ್ನ ಹಿಂದೆ ತಿಂಗಳು ನಡೆದವಳ ಎಣಿಕೆಯನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ.

ಡಾಬಕಾದ ಹಣಮಂತಪ್ಪ ೧೯೫೬ರ ಶ್ರಾವಣದಲ್ಲಿ ಜ್ವರ ಬಂದು ಆರು ದಿನಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ಹೆಂಡತಿ ಅಂಜನಾಬಾಯಿಗೆ ಇಪ್ಪತ್ತಾರರ ಆಸುಪಾಸು. ಗಂಡುಮಗನಿಲ್ಲದೆ ಸತ್ತವನ ಹಿಂಡು ಅಣ್ಣತಮ್ಮಂದಿರ ಹಿಂಡಿನಲ್ಲಿ ಕೂಡಿಹೋಗುವುದು ಅವರಲ್ಲಿ ಹಿಂದಿನಿಂದ ಬಂದ ರೂಢಿ. ಬೇರೆ ಯಾರಾದರೂ ಅದನ್ನು ತಮ್ಮದೆನ್ನುವುದಾದರೆ ಅದಕ್ಕೂ ಒಂದು ಕಟ್ಟಳೆಯಿತ್ತು. ಸತ್ತವನು ವರ್ಷವರ್ಷ ತಿರುಗುತ್ತಿದ್ದ ಸುತ್ತನ್ನು ಅವರು ತಾವೇ ಒಮ್ಮೆ ಪೂರ್ತಿ ತಿರುಗಬೇಕು; ಕೆಂಡ ಮರೆಯಾಗುವುದರೊಳಗೆ ಹಿಂಡನ್ನು ಊರ ದೊಡ್ಡಿಯ ಬಾಗಿಲಿಗೆ ತಂದು ಮುಟ್ಟಿಸಬೇಕು. ಹಣಮಂತಪ್ಪನ ಸುತ್ತು ಸಣ್ಣದಲ್ಲ. ದಸರೆ ಮುಗಿಸಿ ಡಾಬಕಾ ಬಿಟ್ಟರೆ ಔರಾದ ಹಾದು ಬೀದರ, ಅಲ್ಲಿಂದ ಮನ್ನಳ್ಳಿಯ ಹೊಲಗಳು, ತಿರುಗಿ ಬರುವಾಗ ಭಾಲ್ಕಿಯ ದಾರಿ. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ, ರೈತರು ಕೊಟ್ಟ ಜೋಳ ಉಣ್ಣುತ್ತ ಸುಮಾರು ಒಂದು ತಿಂಗಳ ನಡಿಗೆ.

ಅಂಜನಾಬಾಯಿ ಪಂಚರ ಮುಂದೆ ನಿಂತು ಆ ಸುತ್ತನ್ನು ತನಗೆ ಕೊಡಬೇಕೆಂದು ಕೇಳಿದಳು. ಹಾಗೆ ಕೇಳಿದ ಹೆಂಗಸು ಅವಳೇ ಮೊದಲು. ಹಣಮಂತಪ್ಪನ ಅಣ್ಣ ಮಡೆಪ್ಪ ನಕ್ಕುಬಿಟ್ಟ.

"ಹೆಣ್ಮಗಳು ತಿಂಗಳಗಟ್ಟಲೆ ಕುರಿ ಹಿಂದ ಅಡ್ಡಾಡ್ತಾಳಂತ. ಮುತ್ಯಾ, ತೋಳ ನಕ್ಕೋತ ಬರ್ತಾವ."

"ತೋಳ ನಗೋದು ನಾ ಇನ್ನೂ ನೋಡಿಲ್ಲ ಭಾವಾರ," ಎಂದಳು ಅಂಜನಾಬಾಯಿ. "ನೋಡಿಬಂದು ಹ್ಯಾಂಗ ನಗ್ತಾವಂತ ಹೇಳ್ತೇನಿ."

ಪಂಚರಲ್ಲಿ ಹಿರಿಯನಾದ ಕಾಶೀರಾಮನನ್ನು ಊರೆಲ್ಲ ಮುತ್ಯಾ ಎಂದೇ ಕರೆಯುತ್ತಿತ್ತು. ಅವನು ಬಹಳ ಹೊತ್ತು ಗಡ್ಡ ನೀವಿಕೊಂಡ. "ಕಟ್ಟಳೆದಾಗ ಗಂಡಸು ಅಂತ ಇಲ್ಲ," ಎಂದ. "ಹೆಂಗಸು ಅಂತನೂ ಇಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಆದರ ಅವ್ವಾ, ಕೇಳಿದ ಮ್ಯಾಲೆ ಮಾಫಿ ಇಲ್ಲ ನೋಡು. ಕೆಂಡ ಇರೋದ್ರಾಗ ಬಂದಿ, ಹಿಂಡ ನಿಂದು. ಒಂದ ಸಂಜಿ ತಡಾ ಆತು, ಮಡೆಪ್ಪಂದು."

"ಒಪ್ಪೇನ್ರಿ," ಎಂದಳು.

ಹಿಂಡು ಕೈತಪ್ಪಿದರೆ ಅವಳ ಪಾಲಿಗೆ ಉಳಿಯುವುದು ಡಾಬಕಾದಲ್ಲಿ ಭಾವನ ಮನೆಯ ಬೀಸುಕಲ್ಲು, ಇಲ್ಲವೆ ಮನ್ನಳ್ಳಿಯಲ್ಲಿ ಅಣ್ಣನ ಮನೆಯ ಬೀಸುಕಲ್ಲು. ಅವೆರಡರಲ್ಲಿ ಯಾವುದು ಹಗುರ ಎಂದು ಯಾರೋ ಕೇಳಿದಾಗ ಅವಳು, "ಎರಡೂ ಮಂದೀವು," ಎಂದಷ್ಟೇ ಹೇಳಿದಳಂತೆ.

ಜೊತೆಗೆ ಹೊರಟವಳು ಕಾಂತಾಬಾಯಿ. ಅಂಜನಾಬಾಯಿಯ ತಂದೆಯ ತಂಗಿ, ಆಗ ನಲವತ್ತರ ಹೆಂಗಸು. ಅವಳಿಗೆ ಕುರಿಗಳಿಗಿಂತ ಮಾತಿನ ಅಭ್ಯಾಸ ಹೆಚ್ಚು. ಹಿಂಡಿನ ಮುಂದೆ ಅಂಜನಾಬಾಯಿ, ಹಿಂದೆ ಕಾಂತಾಬಾಯಿ. ಹಿಂದಿನಿಂದ ಬರುವ ಮಾತು ಅರವತ್ತೆಂಟು ಕುರಿಗಳನ್ನು ದಾಟಿ ಮುಂದಿನವಳ ಕಿವಿಗೆ ಬೀಳುತ್ತಿತ್ತು.

ದಾರಿಯಲ್ಲಿ ದಿನ ಎಣಿಸಲು ಕುರಿಗಾರರಿಗೆ ಬೆರಳೇ ಸಾಕು. ಹೊತ್ತು ಮುಳುಗಿ ಕೆಂಡ ಮೊದಲ ಸಲ ಮಿನುಗಿದೊಡನೆ ಕೈಯನ್ನು ನೀಟಾಗಿ ಮುಂದೆ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ನೆಲದಂಚಿಗೂ ಕೆಂಡಕ್ಕೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ಎಂದು ನೋಡುತ್ತಾರೆ. ಎರಡು ಸಂಜೆಗೆ ಒಂದು ಬೆರಳು ಕಡಿಮೆಯಾಗುತ್ತದೆ. ಹಣಮಂತಪ್ಪ ಇದನ್ನು ಹೆಂಡತಿಗೆ ಕಲಿಸಿರಲಿಲ್ಲ. ಅವನು ಸುತ್ತಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೈ ಚಾಚುವುದನ್ನು ಎಂಟು ವರ್ಷ ನೋಡಿ ಅವಳೇ ಕಲಿತಿದ್ದಳು. ಮನ್ನಳ್ಳಿಯ ಹೊಲದಲ್ಲಿ ಎಂಟು ಬೆರಳಿದ್ದವು. ಅಣ್ಣ ಅಲ್ಲಿಗೇ ಬಂದು ಎರಡು ದಿನ ಇದ್ದು ಹೋಗೆಂದ. ಅಂಜನಾಬಾಯಿ ಅತ್ತಿಗೆ ಕೊಟ್ಟ ರೊಟ್ಟಿಗಂಟು ತೆಗೆದುಕೊಂಡಳು; ನಿಲ್ಲಲಿಲ್ಲ.

ನವೆಂಬರ್ ಒಂದನೆಯ ತಾರೀಖು ಅವರು ತಿರುಗಿ ಬೀದರ ಮುಟ್ಟಿದರು. ಹೈದರಾಬಾದ್ ರಾಜ್ಯ ಒಡೆದು ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ದಿನ ಅದು. ಕೋಟೆಯ ಕಡೆ ಬಾವುಟ, ಬಾಜಾಬಜಂತ್ರಿ. ದಾರಿಯಲ್ಲಿ ಬಿಳಿ ಟೋಪಿಯವನೊಬ್ಬ ಹೋಗಿಬರುವವರಿಗೆಲ್ಲ ಬೂಂದಿ ಹಂಚುತ್ತಿದ್ದ. ಕಾಂತಾಬಾಯಿ ಸೆರಗೊಡ್ಡಿದಳು.

"ಇವತ್ತಿನಿಂದ ನಾವು ಮೈಸೂರಿನವರು ಬಾಯಿ," ಎಂದ ಅವನು.

"ಮೈಸೂರು ಎಷ್ಟ ದೂರ ಅದರಿ?"

"ಬಹಳ ದೂರ ಅದ. ರೈಲಿನ್ಯಾಗ ಎರಡು ದಿನ ಹಿಡೀತದ."

"ಮತ್ತ ನಾವು ಹ್ಯಾಂಗ ಮುಟ್ಟಿದೆವು? ನಾ ಇವತ್ತ ಮೂರು ಕೋಸನೂ ನಡದಿಲ್ಲ."

ಅವನು ನಕ್ಕು ಇನ್ನೊಂದು ಹಿಡಿ ಹಾಕಿದ. ಉದಗೀರ ಕಡೆಯವರು ಮಾತ್ರ ಮುಂಬೈ ರಾಜ್ಯಕ್ಕೆ ಹೋದರೆಂದೂ, ಡಾಬಕಾದವರಿಗೆ ತಮ್ಮೂರ ಗುಡ್ಡದಾಚೆಯ ನೆಂಟರು ಇನ್ನು ಪರರಾಜ್ಯದವರೆಂದೂ ತಿಳಿಸಿಹೇಳಿದ. ಅಂಜನಾಬಾಯಿ ಕೇಳಿದ್ದು ಒಂದೇ ಮಾತು: "ಭಾಲ್ಕಿ ದಾರಿ ಹಂಗೇ ಅದ ಅಲ್ಲರಿ?" ಅದು ಹಾಗೇ ಇತ್ತು.

ಭಾಲ್ಕಿ ದಾಟುವಾಗ ದೀಪಾವಳಿ ಕಳೆದು ಎರಡು ದಿನ. ಎಳೆಯ ಚಂದ್ರ ಚೇಳಿನ ಪಕ್ಕದಲ್ಲೇ ಬಂದು ಕೂತಿದ್ದ. ಬೆರಳು ಐದು. ಹತ್ತು ದಿನ ಕೈಯಲ್ಲಿವೆ, ಆರು ದಿನದ ನಡಿಗೆ ಉಳಿದಿದೆ ಎಂದು ಕಾಂತಾಬಾಯಿ ನಿರಾಳವಾಗಿ ಎಲೆಯಡಿಕೆ ಹಾಕಿಕೊಂಡಳು. ಆದರೆ ಮೇಲಿನ ಸೀಮೆಯಲ್ಲಿ ಹಿಂಗಾರು ಜೋರಾಗಿ ಬಿದ್ದಿತ್ತು. ಮಾಂಜ್ರಾ ನದಿಯ ದಂಡೆಗೆ ಬಂದು ನೋಡಿದರೆ ಯಾವಾಗಲೂ ಮೊಣಕಾಲಿಗೆ ಬರುತ್ತಿದ್ದ ನೀರು ಎದೆಗೆ ಬರುತ್ತಿತ್ತು. ಒಂದು ದಿನ ಕಾದರು, ಎರಡು ದಿನ ಕಾದರು, ಮೂರನೆಯ ದಿನವೂ ಕಾದರು. ಬೆರಳು ಮೂರಕ್ಕೆ ಇಳಿಯಿತು, ನೀರು ಇಳಿಯಲಿಲ್ಲ.

"ಇನ್ನೊಂದು ದಿನ ನೋಡೂಣು," ಎಂದಳು ಕಾಂತಾಬಾಯಿ.

"ಹೊಳಿಗಿ ಮುದ್ದತಿಲ್ಲ ಅತ್ತಿ, ನನಗದ."

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಮುಂದಾಳು ಕುರಿಯ ಕೊರಳಿಗೆ ಹಗ್ಗ ಹಾಕಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು ನೀರಿಗಿಳಿದಳು. ಮುಂದಿನದು ಹೋದತ್ತ ಹಿಂದಿನದು ಹೋಗುವುದು ಕುರಿಯ ಸ್ವಭಾವ. ನಡುನೀರಿನಲ್ಲಿ ಅವಳ ಕಾಲು ನೆಲ ಬಿಟ್ಟಿತು; ಆದರೆ ಹಗ್ಗದ ಕುರಿ ಈಜುತ್ತಲೇ ಇತ್ತು. ಈ ದಂಡೆಯಲ್ಲಿ ಕಾಂತಾಬಾಯಿ ಹಿಂದುಳಿದವನ್ನು ಬೈದು ಬೈದು ನೂಕಿ, ಕೊನೆಗೆ ತಾನೂ ಒಂದು ಟಗರಿನ ಕೊಂಬು ಹಿಡಿದು ನೀರಿಗೆ ಬಿದ್ದಳು. ಆಚೆ ದಂಡೆಯಲ್ಲಿ ಎಣಿಸಿದಾಗ ಅರವತ್ತೇಳು. ಒಂದೂ ಹೋಗಲಿಲ್ಲ ಎನ್ನುತ್ತಾನೆ ಏಕನಾಥ. ಕಾಂತಾಬಾಯಿಗೆ ಹೋದ ಕುರಿಯ ಬಣ್ಣ ಇಂದಿಗೂ ನೆನಪಿದೆ: ಕಂದು ಮೈ, ಎಡಗಿವಿ ಬಿಳಿ.

ಔರಾದ ಮುಟ್ಟಿದ್ದು ಕಾರ್ತಿಕ ಶುದ್ಧ ದಶಮಿಯ ದಿನ. ಸಂತೆಗೆ ಬಂದಿದ್ದ ಡಾಬಕಾದ ಗೋರಖನಾಥ ಅವರನ್ನು ಕಂಡು ಕೈಯಲ್ಲಿದ್ದ ಚೀಲ ಕೆಳಗಿಟ್ಟ. ಗೋರಖನಾಥ ಪಂಚರಲ್ಲಿ ಎಲ್ಲರಿಗಿಂತ ಚಿಕ್ಕವನು. ಕೆಟ್ಟ ಸುದ್ದಿ ಹೇಳಲು ಬಾರದವನು.

"ಅಕ್ಕಾ, ನಿನ್ನಿ ಸಂಜಿಗೇ ಮುದ್ದತ್ ಮುಗೀತು. ಕೆಂಡ ಕಾಣಲಿಲ್ಲ. ಮುತ್ಯಾ ಡಂಗುರ ಹೊಡಸ್ಯಾನ. ನೀ ಬಂದ ಕೂಡಲೆ ಹಿಂಡ ಮಡೆಪ್ಪಗ ಒಪ್ಪಿಸಬೇಕಂತ."

ಕಾಂತಾಬಾಯಿ ಅಲ್ಲೇ ಗಂಟು ಇಳಿಸಿ ಕೂತುಬಿಟ್ಟಳು. ಅಂಜನಾಬಾಯಿ ನಿಂತೇ ಇದ್ದಳು.

"ನಿನ್ನಿ ನಾ ನೋಡೀನಿ. ಎರಡು ಬೆರಳು ಇತ್ತು."

"ನಾವೆಲ್ಲಾ ನೋಡಿದೆವು ಅಕ್ಕಾ. ಇರಲಿಲ್ಲ."

ಅವಳು ಅವನನ್ನು ಹೊತ್ತು ಮುಳುಗುವವರೆಗೆ ಹೋಗಗೊಡಲಿಲ್ಲ. ಊರ ಹೊರಗಿನ ಬಯಲಿಗೆ ಕರೆದೊಯ್ದು ನಿಲ್ಲಿಸಿದಳು. ನೈಋತ್ಯದಲ್ಲಿ ಜೋಳದ ಹೊಲಗಳ ತುದಿಯ ಮೇಲೆ ಕೆಂಡ ಮಿನುಗಿತು. ಅವಳು ಕೈ ಚಾಚಿದಳು. ಒಂದು ಬೆರಳಿಗೆ ತುಸು ಹೆಚ್ಚು. ಗೋರಖನಾಥ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ತಾನೂ ಕೈ ಚಾಚಿದ.

"ಇದೆಂಥಾ ಮಾಟ?" ಎಂದ.

ಅಂಜನಾಬಾಯಿ ತಡೆದು ತಡೆದು ಕೇಳಿದಳು: "ನೀವು ಎಲ್ಲಿ ನಿಂತು ನೋಡಿದ್ರಿ?"

"ಯಾವಾಗಲೂ ನೋಡೋ ಜಾಗಾದಾಗ. ದೊಡ್ಡಿ ಬಾಗಲದಾಗ."

"ಮೊನ್ನಿ ಅದು ಎಲ್ಲಿ ಮುಳುಗ್ತು?"

"ಗುಡ್ಡದ ಹಿಂದ."

ಡಾಬಕಾದ ದೊಡ್ಡಿ ಗುಡ್ಡದ ಬುಡದಲ್ಲಿದೆ. ಗುಡ್ಡ ಎತ್ತರದ್ದೇನಲ್ಲ, ಒಂದು ಬೆರಳೋ ಒಂದೂವರೆ ಬೆರಳೋ. ಆದರೆ ಅದು ನಿಂತಿರುವುದು ಸರಿಯಾಗಿ ನೈಋತ್ಯಕ್ಕೆ. ಒಂದೂವರೆ ಬೆರಳೆಂದರೆ ಮೂರು ಸಂಜೆ. ಊರಲ್ಲಿ ಉಳಿದವರು ಗುಡ್ಡವನ್ನು ನೋಡಿ ಮುದ್ದತು ಮುಗಿಸುತ್ತಿದ್ದರು, ದಾರಿಯಲ್ಲಿದ್ದವರು ಬಯಲನ್ನು ನೋಡಿ ನಡೆಯುತ್ತಿದ್ದರು. ಪ್ರತಿವರ್ಷ ಗಂಡಸರು ಎರಡು ಮೂರು ದಿನ ತಡವಾಗಿಯೇ ಬರುತ್ತಿದ್ದರು. ಊರಿನವರು ದಾರಿ ದೂರ ಎಂದು ಸುಮ್ಮನಾಗುತ್ತಿದ್ದರು, ಬಂದವರು ತಾವು ಸರಿಯಾದ ಹೊತ್ತಿಗೇ ಬಂದೆವೆಂದು ತಿಳಿದಿರುತ್ತಿದ್ದರು. ಎರಡನ್ನೂ ಒಂದೆಡೆ ಇಟ್ಟು ನೋಡುವ ಪ್ರಸಂಗ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.

"ಗುಡ್ಡದ ಹಿಂದ ಹೋಗೇದ," ಎಂದಳು ಅಂಜನಾಬಾಯಿ. "ಬಿಲಕ್ಕ ಹೋಗಿಲ್ಲ."

ಕಾಂತಾಬಾಯಿಗೆ ಇದು ಅರ್ಥವಾಯಿತು. ಆದರೆ ಧೈರ್ಯ ಬರಲಿಲ್ಲ. "ಅರ್ಥ ಮಾಡಿ ಹೇಳಾಕಿ ನೀ, ಕೇಳಾಂವ ಮಡೆಪ್ಪ. ನನ್ನ ಮಾತ ಕೇಳು. ಹಿಂಡ ತಿರುಗಸು. ಮನ್ನಳ್ಳಿಗಿ ಹೋಗಿಬಿಡೂಣು. ನಿಮ್ಮಣ್ಣನ ಹೊಲದಾಗ ನಿಲ್ಲಸಿದರ ಯಾರು ಬಂದು ಕೇಳ್ತಾರ?"

"ಕದ್ದ ಹಿಂಡ ಆಗ್ತದ ಅತ್ತಿ. ಇದು ನಂದು."

ಗೋರಖನಾಥ ಅಂದೇ ಊರಿಗೆ ಹೋಗಿ ತಾನು ಕಂಡದ್ದನ್ನು ಹೇಳುವುದಾಗಿ ಮಾತು ಕೊಟ್ಟ. ಹೇಳಿದನೋ ಇಲ್ಲವೋ ಎಂಬ ಬಗ್ಗೆ ಎರಡು ಹೇಳಿಕೆಗಳಿವೆ. ಹೇಳಿದ, ಮಡೆಪ್ಪ ಅವನನ್ನು ಗದರಿಸಿ ಬಾಯಿ ಮುಚ್ಚಿಸಿದ ಎಂಬುದು ಕಾಂತಾಬಾಯಿಯ ನಂಬಿಕೆ. ಅವನ ಬಾಯಿಂದ ಮಾತೇ ಹೊರಡಲಿಲ್ಲ ಎಂದು ಡಾಬಕಾದಲ್ಲಿ ಹೇಳುತ್ತಾರೆ.

ತುಳಸಿ ಲಗ್ನದ ದಿನ ಇಳಿಹೊತ್ತಿಗೆ ಹಿಂಡು ಡಾಬಕಾ ಮುಟ್ಟಿತು. ದೊಡ್ಡಿಯ ಬಾಗಿಲಿಗೆ ಮುಳ್ಳಿನ ಬೇಲಿ ಎಳೆದಿತ್ತು. ಅದರ ಮುಂದೆ ಮಡೆಪ್ಪ ಕೋಲೂರಿಕೊಂಡು ನಿಂತಿದ್ದ. ಪಕ್ಕದ ಕಟ್ಟೆಯ ಮೇಲೆ ಕಾಶೀರಾಮ, ಅವನ ಕಾಲ ಬಳಿ ಗೋರಖನಾಥ.

"ಬಂದಿಯೇನವ್ವ?" ಎಂದ ಕಾಶೀರಾಮ. "ಛಲೋ ನಡದಿ. ಆದರ ಮೂರು ಸಂಜಿ ತಡಾ ಆತು."

"ತಡಾ ಆಗಿಲ್ಲ ಮುತ್ಯಾ. ಕೆಂಡ ಇನ್ನೂ ಅದ. ಇವತ್ತ ಕಡೀ ಸಂಜಿ."

"ನಮ್ಮ ಕಣ್ಣು ಸುಳ್ಳೇನು?" ಎಂದ ಮಡೆಪ್ಪ.

"ಕಣ್ಣು ಖರೆನೇ ಭಾವಾರ. ನಿಂತ ಜಾಗಾ ತಪ್ಪದ. ಎಲ್ಲಾರೂ ಗುಡ್ಡ ಏರ್ರಿ. ಹೊತ್ತು ಮುಳುಗಲಿಕ್ಕಿ ಇನ್ನೂ ಟೈಮ್ ಅದ."

ಮಡೆಪ್ಪ ಕಾಶೀರಾಮನ ಕಡೆ ತಿರುಗಿದ. "ಕೇಳಿದಿ ಮುತ್ಯಾ? ನಮ್ಮಪ್ಪ, ನಮ್ಮಜ್ಜ ಈ ಬಾಗಲದಾಗ ನಿಂತು ನೋಡಿದ್ರು. ಈಗ ಈಕಿ ಸಲುವಾಗಿ ಗುಡ್ಡ ಹತ್ತಬೇಕಂತ. ಅಲ್ಲೆ ಏನದ ಗೊತ್ತದ ಇಲ್ಲೋ? ಹದ್ದಿನ ಕಲ್ಲು. ಹೋದ ತಿಂಗಳ ತನಕ ಅದು ತಾಲ್ಲೂಕಿನ ಹದ್ದು, ಈಗ ರಾಜ್ಯದ ಗಡಿ. ಅಲ್ಲಿಂದ ಕಾಣೋದು ಮುಂಬೈ ರಾಜ್ಯದ ಚೇಳು. ನಮ್ಮ ದೊಡ್ಡಿಗಿ ಅದರ ಹುಕುಂ ನಡ್ಯಾಂಗಿಲ್ಲ."

ಕೂಡಿದ್ದವರಲ್ಲಿ ಕೆಲವರು ನಕ್ಕರು. ಕೆಲವರು ತಲೆಯಾಡಿಸಿದರು; ಹೊಸ ರಾಜ್ಯ ಬಂದು ಎರಡು ವಾರವಾಗಿತ್ತು, ಏನು ನಡೆಯುತ್ತದೆ ಏನು ನಡೆಯುವುದಿಲ್ಲ ಎಂದು ಯಾರಿಗೂ ಖಾತ್ರಿಯಿರಲಿಲ್ಲ.

"ಕಲ್ಲಿನ ಈಚಿ ನಿಂತು ನೋಡೂಣು," ಎಂದಳು ಅಂಜನಾಬಾಯಿ. "ಕಾಲು ಮೈಸೂರಿನ್ಯಾಗ ಇರಲಿ. ಚೇಳು ಎಲ್ಲಿ ಬೇಕಾದಲ್ಲಿ ಇರಲಿ."

"ನನ್ನ ಮೊಣಕಾಲು ನೋಡವ್ವ," ಎಂದ ಕಾಶೀರಾಮ. "ಗುಡ್ಡ ಹತ್ತಿ ಎಷ್ಟು ವರ್ಷ ಆತು."

"ನಾ ಹೊತ್ಕೊಂಡು ಹೋಗ್ತೇನಿ ಮುತ್ಯಾ. ಹೊಳ್ಯಾಗ ಕುರಿ ಎಳದೀನಿ, ನೀವು ಅದಕಿಂತ ಹಗುರ ಇದ್ದೀರಿ."

ಮುದುಕ ಈ ಮಾತಿಗೆ ನಕ್ಕ. ನಕ್ಕವನು ಎದ್ದು ನಿಂತ. ಹೊರಲು ಬಿಡಲಿಲ್ಲ. ಗೋರಖನಾಥನ ಹೆಗಲು ಹಿಡಿದು ಹತ್ತಿದ. ಹಿಂಡನ್ನು ಬೇಲಿಯ ಹೊರಗೆ ಊರವರ ಕಾವಲಿನಲ್ಲಿ ಬಿಟ್ಟು ಅಂಜನಾಬಾಯಿ ಮುಂದೆ ನಡೆದಳು. ಹಿಂದೆ ಕಾಂತಾಬಾಯಿ, ಕೊನೆಗೆ ಮಡೆಪ್ಪ.

ತುದಿಯಲ್ಲಿ ಕುರುಚಲು ಜಾಲಿ, ಅದರ ನಡುವೆ ಹದ್ದಿನ ಕಲ್ಲು. ಅದರ ಈಚೆ ಎಲ್ಲರೂ ಸಾಲಾಗಿ ನಿಂತರು. ಆಚೆಗೆ ಉದಗೀರ ಸೀಮೆಯ ಬಯಲು ಅಡ್ಡಗೋಡೆಯಿಲ್ಲದೆ ಹಬ್ಬಿತ್ತು. ಸೂರ್ಯ ಮುಳುಗಿದ. ಪಡುವಣದ ಕೆಂಪು ಹಳದಿಯಾಯಿತು, ಹಳದಿ ಬೂದಿಯ ಬಣ್ಣಕ್ಕೆ ತಿರುಗಿತು. ಮೊದಲು ಕೊಂಡಿಯ ಎರಡು ಚುಕ್ಕಿಗಳು ಎಡಗಡೆ ಮೇಲೆ ಕಂಡವು. ಕೆಂಡ ಕಾಣಲಿಲ್ಲ. ಮಡೆಪ್ಪ ಗಂಟಲು ಸರಿಮಾಡಿಕೊಂಡ. ಅಂಜನಾಬಾಯಿ ರೆಪ್ಪೆ ಬಡಿಯದೆ ನೆಲದಂಚನ್ನೇ ನೋಡುತ್ತಿದ್ದಳು.

"ಅಲ್ಲೇ!" ಎಂದು ಕೂಗಿದಳು ಕಾಂತಾಬಾಯಿ.

ನೆಲಕ್ಕೆ ತಾಗಿತೋ ಇಲ್ಲವೋ ಎಂಬಷ್ಟು ಕೆಳಗೆ, ಬೂದಿಯಲ್ಲಿ ಉಳಿದ ಕಿಡಿಯಂತೆ ಒಂದು ಕೆಂಪು ಬಿಂದು ಹತ್ತಿತು, ಆರಿತು, ಮತ್ತೆ ಹತ್ತಿತು.

ಕಾಶೀರಾಮ ಮುಖವನ್ನು ಅತ್ತ ಮಾಡಿಕೊಂಡೇ ಕೇಳಿದ: "ಮಡೆಪ್ಪಾ, ಏನದ ಹೇಳು."

"ಏನಿಲ್ಲ ಮುತ್ಯಾ. ಉದಗೀರ ಕಡಿ ಯಾರೋ ಬೀಡಿ ಹಚ್ಯಾರ."

"ಆಕಾಶದಾಗ ಕುಂತು ಬೀಡಿ ಸೇದಾಂವ ಯಾಂವಪಾ?" ಎಂದಳು ಕಾಂತಾಬಾಯಿ. "ನಿಮ್ಮಪ್ಪೇನು?"

"ನೀ ಸುಮ್ಮನಿರು. ನೀ ಆಕಿ ಮಂದಿ," ಎಂದು ಕಾಶೀರಾಮ ಅವಳನ್ನು ತಡೆದ. "ನಿನ್ನ ಗವಾಹಿ-ಸಾಕ್ಷಿ ನಡ್ಯಾಂಗಿಲ್ಲ. ಮಡೆಪ್ಪಾ, ಮತ್ತೊಮ್ಮೆ ನೋಡಿ ಹೇಳು."

"ಹೇಳಿದೆನಲ್ಲ. ಏನಿಲ್ಲ."

ಆಗ ಅಂಜನಾಬಾಯಿ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು. ಹಾಸಿದ ಕಂಬಳಿಯ ಮೇಲೆ ಕಾಲಿಟ್ಟು ಕುರಿಗಾರ ಸುಳ್ಳು ಹೇಳುವುದಿಲ್ಲ. ಹೇಳಿದರೆ ಅವನ ಹಿಂಡಿಗೆ ಬೇನೆ ಹತ್ತಿ ಮೂರು ತಿಂಗಳಲ್ಲಿ ದೊಡ್ಡಿ ಬರಿದಾಗುತ್ತದೆ ಎಂಬ ನಂಬಿಕೆ ಆ ಸೀಮೆಯಲ್ಲಿ ಈಗಲೂ ಗಟ್ಟಿಯಾಗಿದೆ.

"ಭಾವಾರ, ಇದರ ಮ್ಯಾಲೆ ನಿಂತು ಅದೇ ಮಾತ ಹೇಳ್ರಿ," ಎಂದಳು. "ಮತ್ತೊಂದು ಮಾತ ನಾ ಕೇಳಂಗಿಲ್ಲ. ಹಿಂಡ ಕೆಳಗದ, ತಗೊಂಡು ಬಿಡ್ರಿ. ನಾ ಬರೀಗೈಲೆ ಮನ್ನಳ್ಳಿಗಿ ಹೋಗ್ತೇನಿ."

ಕೆಂಡ ನಡುಗುತ್ತಿತ್ತು. ಮಡೆಪ್ಪ ಒಂದು ಹೆಜ್ಜೆ ಮುಂದಿಟ್ಟ, ಚಪ್ಪಲಿ ಬಿಟ್ಟ, ಅಂಚಿನ ತನಕ ಬಂದ. ಕೆಳಗೆ, ಬೇಲಿಯ ಒಳಗಿನಿಂದ ಅವನ ಕುರಿಗಳು ಒದರುವುದು ಕೇಳುತ್ತಿತ್ತು.

"ಕಂಬಳಿ ಮ್ಯಾಲೆ ಯಾರು ನಿಂತೀರಿ?" ಎಂದು ಕೇಳಿದ ಕಾಶೀರಾಮ.

ಎದುರಿಗೇ ಹಾಸಿರುವುದನ್ನು ಮುದುಕ ಏಕೆ ಕೇಳುತ್ತಿದ್ದಾನೆಂದು ಗೋರಖನಾಥನಿಗೆ ಮೊದಲು ತಿಳಿಯಲಿಲ್ಲ. "ಯಾರೂ ಇಲ್ಲ ಮುತ್ಯಾ," ಎಂದ.

"ಮಡೆಪ್ಪ ಎಲ್ಲಿದ್ದಾನ?"

"ಅಂಚಿನ್ಯಾಗ. ಹೊರಗ."

ಕಾಶೀರಾಮ ಕೋಲಿನಿಂದ ತಡವುತ್ತ ಬಂದು, ಕಂಬಳಿಯ ಅಂಚು ಸಿಕ್ಕ ಮೇಲೆ ಚಪ್ಪಲಿ ಕಳಚಿ, ತಾನೇ ಅದರ ನಡುವೆ ಹೋಗಿ ನಿಂತ.

"ಎಲ್ಲಾರೂ ಕೇಳ್ರಿ," ಎಂದ. "ನನಗ ಚುಕ್ಕಿ ಕಾಣಲಾರದೆ ನಾಕು ವರ್ಷ ಆತು. ಮುಖಾನೂ ಮಬ್ಬು, ದನಿ ಮ್ಯಾಲೆ ಗುರ್ತು ಹಿಡೀತೇನಿ. ಹಿರೇತನ ಹೋದೀತಂತ ಬಾಯಿ ಬಿಡಲಿಲ್ಲ. ನಾಕು ವರ್ಷದಿಂದ ಕೆಂಡ ಹೋತು ಅಂತ ನಾ ಹೊಡಸಿದ ಡಂಗುರ ಎಲ್ಲಾ ಮಡೆಪ್ಪ ನನ್ನ ಕಿವ್ಯಾಗ ಹೇಳಿದ್ದು. ಅಂವ ದೊಡ್ಡಿ ಬಾಗಲದಾಗ ಸುಳ್ಳ ಹೇಳಿಲ್ಲ, ಅಲ್ಲೆ ಕಂಡಿದ್ದೇ ಹೇಳ್ಯಾನ. ಇಲ್ಲೆ ಹೇಳಿದ್ದು ಸುಳ್ಳು. ಖರೆ ಇದ್ದಿದ್ದರ ಇದರ ಮ್ಯಾಲೆ ನಿಲ್ತಿದ್ದ. ಹಿಂಡ ಅಂಜನಾಂದು."

ಗೋರಖನಾಥ ಆಗ ಬಾಯಿಬಿಟ್ಟು, ಔರಾದಿನಲ್ಲಿ ತಾನೂ ಕಂಡೆನೆಂದ. "ಈಗ ಹೇಳ್ತೀಯೇನೋ?" ಎಂದು ಕಾಂತಾಬಾಯಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳಂತೆ.

ಮಡೆಪ್ಪ ಚಪ್ಪಲಿ ಮೆಟ್ಟಿಕೊಳ್ಳಲು ಮರೆತು ಅಲ್ಲೇ ನಿಂತಿದ್ದ. "ತಮ್ಮ ಹಣಮ್ಯಾನ ಕುರಿ ಹಾಳಾಗಬಾರದಂತಿದ್ದೆ," ಎಂದ, ಯಾರನ್ನೂ ನೋಡದೆ.

"ಹಾಳಾಗಂಗಿಲ್ಲ," ಎಂದಳು ಅಂಜನಾಬಾಯಿ. "ಒಂದು ಹೊಳ್ಯಾಗ ಹೋತು. ಅದು ನನ್ನ ತಪ್ಪು, ಬ್ಯಾರೆದವರ ಮ್ಯಾಲೆ ಹಾಕಂಗಿಲ್ಲ. ಉಳದಿದ್ದು ನಾ ನೋಡ್ಕೋತೇನಿ ಭಾವಾರ."

ಅಷ್ಟರಲ್ಲಿ ಕೆಂಡ ಬಿಲ ಸೇರಿತ್ತು. ಕಾಶೀರಾಮ ಕಂಬಳಿಯಿಂದ ಇಳಿದು ಕೇಳಿದ: "ಅವ್ವಾ, ನನ್ನ ಕಣ್ಣಂತೂ ಹೋದವು. ಬರೋ ವರ್ಷ ಕೆಂಡ ನೋಡೋದು ನೀನೇ ಮಾಡ್ತೀಯೇನು?"

ಅವಳು ಕಲ್ಲುಗಳನ್ನು ಸರಿಸಿ ಕಂಬಳಿ ಕೊಡವುತ್ತಿದ್ದಳು. ಜಾಲಿಯ ಮುಳ್ಳುಗಳು ಅಂಟಿಕೊಂಡಿದ್ದವು, ಒಂದೊಂದಾಗಿ ಕೀಳುತ್ತಿದ್ದಳು.

"ನನಗೆಲ್ಲಿ ಆಗ್ತದ ಮುತ್ಯಾ? ಬರೋ ವರ್ಷ ನಾ ದಾರ್ಯಾಗ ಇರ್ತೇನಿ. ಊರಾಗ ಇರೋರು ಹತ್ತಿ ಬಂದು ನೋಡ್ರಿ."

ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಎರಡು ಬೆರಳು ಬಾಯಲ್ಲಿಟ್ಟು ಹಿಂಡಿಗೆ ಸಿಳ್ಳೆ ಹೊಡೆದು, ಅವಳು ಎಲ್ಲರಿಗಿಂತ ಮೊದಲು ಗುಡ್ಡ ಇಳಿಯತೊಡಗಿದಳು.